ಖಾಲಿ ಬಿಲ್ಲೆಯ ಕುರಿ

ಉಚ್ಚೆ ಸೋಸುವ ಕೆಲಸ ಎಂದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಪ್ರೋಟೀನ್ ಕೂಡಿಡುವ ಕೆಲಸ ಎಂದರೆ ಒಂದು ಹೆಜ್ಜೆ ಮುಂದೆ ಬಂದು, "ತೂಕ ಇಳಿಯೋದಕ್ಕೆ ಒಳ್ಳೇದಾ?" ಎನ್ನುತ್ತಾರೆ. ಆರು ವರ್ಷಗಳಲ್ಲಿ ಬಿಲ್ಲೆಯಮ್ಮ ಎರಡೂ ಉತ್ತರಗಳನ್ನು ಹೇಳಿ ನೋಡಿದ್ದಳು. ಈಗ ಎದುರಿಗಿರುವವರ ಮುಖ ನೋಡಿಕೊಂಡು ಯಾವುದಾದರೊಂದನ್ನು ಹೇಳುತ್ತಿದ್ದಳು. ಅವಸರವಿದ್ದರೆ ಮೊದಲನೆಯದು, ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಬಿಲ್ಲೆಯಮ್ಮ ಎಂಬ ಹೆಸರು ಬಂದದ್ದೂ ಆ ಕೆಲಸದಿಂದಲೇ. ಆಸ್ಪತ್ರೆಗೆ ಅಂಟಿಕೊಂಡಿದ್ದ ಸಂಶೋಧನಾ ಕಟ್ಟಡದಲ್ಲಿ, ನೆಲಮಟ್ಟದ ಕೊನೆಯ ಕೋಣೆ ಅವಳದು. ಸುತ್ತಲಿನ ಬೀದಿಗಳ ಜನ ಬೆಳಿಗ್ಗೆ ಬಾಟಲಿ ತುಂಬಿ ಕೊಡುತ್ತಿದ್ದರು; ಕೊಡದವರ ಮನೆಗೆ ಅವಳೇ ಹೋಗಿ ಇಸಿದುಕೊಂಡು ಬರುತ್ತಿದ್ದಳು. ಅದನ್ನು ಗಿರಗಿರ ತಿರುಗುವ ಯಂತ್ರದಲ್ಲಿಟ್ಟು ಗಸಿಯನ್ನು ತಳಕ್ಕಿಳಿಸಬೇಕು. ಮೇಲಿನ ತಿಳಿಯನ್ನು ನಾಣ್ಯಕ್ಕಿಂತ ಕೊಂಚ ಅಗಲವಾದ, ಹಾಲಿನಂಥ ಬಿಳಿ ಬಿಲ್ಲೆಯೊಂದರ ಮೇಲೆ ಹನಿಹನಿಯಾಗಿ ಹಾಯಿಸಬೇಕು. ನೀರು ಕೆಳಗಿಳಿದು ಹೋಗುತ್ತದೆ, ಉಪ್ಪು ಹೋಗುತ್ತದೆ. ಪ್ರೋಟೀನುಗಳು ಮಾತ್ರ ಹೊರಡಿ ಎಂದರೂ ಹೊರಡದ ನೆಂಟರ ಹಾಗೆ ಬಿಲ್ಲೆಗೆ ಅಂಟಿಕೊಂಡು ಕೂರುತ್ತವೆ. ಬಿಲ್ಲೆಯನ್ನು ಒಣಗಿಸಿ, ಗಾಳಿ ಹೀರಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಪೆನ್ಸಿಲಿನಲ್ಲಿ ನಂಬರು ಬರೆದು ಬೀರುವಿನಲ್ಲಿಟ್ಟರೆ ಆಯಿತು. ವರ್ಷಗಳಾದ ಮೇಲೆ ಬೇಕೆನಿಸಿದಾಗ ಅಸಿಟೋನಿನಲ್ಲಿ ಹಾಕಿ ಬೆಚ್ಚಗೆ ಅಲುಗಿಸಿದರೆ ಸಾಕು, ಬಿಲ್ಲೆ ಕರಗಿ ಮಾಯವಾಗುತ್ತದೆ. ಪ್ರೋಟೀನು ಚಿಟಿಕೆ ಬೂದಿಯಂತೆ ತಳದಲ್ಲಿ ಉಳಿಯುತ್ತದೆ.

ಇಷ್ಟೆಲ್ಲ ಯಾಕೆ ಎಂದು ಬೀದಿಯವರು ಕೇಳಿದರೆ ಅವಳ ಹತ್ತಿರ ಉತ್ತರ ಸಿದ್ಧವಿತ್ತು. "ನಿಮ್ಮ ಮನೆ ಕಸದಬುಟ್ಟಿ ನೋಡಿದ್ರೆ ಒಳಗೆ ಏನು ನಡೀತಿದೆ ಅಂತ ಗೊತ್ತಾಗಲ್ವಾ? ಇದೂ ಹಂಗೇ. ರೋಗ ಬಾಗಿಲು ಬಡಿಯೋದಕ್ಕೆ ಮುಂಚೆನೇ ಕಸದಬುಟ್ಟೀಲಿ ಸುಳಿವು ಹಾಕಿರುತ್ತೆ. ಆ ಸುಳಿವು ಯಾವುದು ಅಂತ ಗೊತ್ತಾಗಬೇಕು ಅಂದ್ರೆ, ರೋಗ ಬಂದವರ ಹಳೇ ಬುಟ್ಟಿ ನಮ್ಮ ಹತ್ರ ಇರಬೇಕು."

ಹಳೆಯ ಬುಟ್ಟಿಗಳು ಬೀರುವಿನಲ್ಲಿದ್ದವು. ಸಾವಿರಕ್ಕೂ ಮೇಲೆ ಬಿಲ್ಲೆಗಳು, ಆರು ವರ್ಷಗಳ ಬೆಳಗುಗಳು.

ಈಗ ಆ ಬೀರುವಿಗೇ ಕುತ್ತು ಬಂದಿತ್ತು. ಕೋಣೆ ಬೇರೆ ಕೆಲಸಕ್ಕೆ ಬೇಕು ಎಂದಿತು ಸಂಸ್ಥೆಯ ಸಮಿತಿ. ಸಮಿತಿಯ ಅಧ್ಯಕ್ಷರು ಆಯುಷ್ಯವನ್ನೆಲ್ಲ ಫ್ರೀಜರುಗಳ ನಡುವೆ ಕಳೆದವರು. ಮೈನಸ್ ಎಂಬತ್ತಕ್ಕಿಂತ ಬೆಚ್ಚಗಿರುವ ಯಾವುದನ್ನೂ ಅವರು ನಂಬುತ್ತಿರಲಿಲ್ಲ. "ಮನುಷ್ಯರನ್ನೂ ಸೇರಿಸಿ," ಎಂದು ಸಣ್ಣ ಡಾಕ್ಟರು ಪಿಸುಗುಟ್ಟುತ್ತಿದ್ದಳು. ಸಣ್ಣ ಡಾಕ್ಟರು ಎಂದರೆ ಬಿಲ್ಲೆಯಮ್ಮನ ಮೇಲಧಿಕಾರಿ. ವಯಸ್ಸಿನಲ್ಲಿ ಅವಳ ಮಗಳಷ್ಟು, ಗತ್ತಿನಲ್ಲಿ ಅವಳ ಅತ್ತೆಯಷ್ಟು, ಹಸಿವಾದಾಗ ಮಾತ್ರ ಅವಳ ಮೊಮ್ಮಗುವಿನಷ್ಟು.

ಕೊನೆಗೆ ಒಂದು ಪರೀಕ್ಷೆ ಎಂದಾಯಿತು. ಆರು ವರ್ಷದ ಹಿಂದೆ, ಕೆಲಸ ಶುರುವಾದ ಹೊಸತರಲ್ಲಿ, ಹನ್ನೆರಡು ಮಂದಿಯ ಬಾಟಲಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಫ್ರೀಜರಿನಲ್ಲಿಟ್ಟು ಇನ್ನೊಂದನ್ನು ಬಿಲ್ಲೆಗೆ ಇಳಿಸಿದ್ದರು. ಅವುಗಳಲ್ಲಿ ಆರು ಜೋಡಿಯನ್ನು ಸಮಿತಿ ಆರಿಸುತ್ತದೆ. ಫ್ರೀಜರಿನದನ್ನು ಮೇಲಿನ ಮಹಡಿಯಲ್ಲಿ ಸಣ್ಣ ಡಾಕ್ಟರು ಸಿದ್ಧ ಮಾಡಬೇಕು, ಬಿಲ್ಲೆಯದನ್ನು ಕೆಳಗೆ ಬಿಲ್ಲೆಯಮ್ಮ. ಎರಡೂ ದೊಡ್ಡ ಯಂತ್ರಕ್ಕೆ ಹೋಗುತ್ತವೆ. ಯಾವ ಯಾವ ಪ್ರೋಟೀನು ಇದೆ ಎಂದು ಅದು ಪಟ್ಟಿ ಕೊಡುತ್ತದೆ. ಪಟ್ಟಿಗಳು ಹೊಂದಿದರೆ ಬೀರು ಉಳಿಯಿತು. ಇಲ್ಲವಾದರೆ ಶನಿವಾರ ಕಸದ ಗಾಡಿ.

*

ಪರೀಕ್ಷೆಯ ದಿನ ಬೆಳಿಗ್ಗೆ ಬಿಲ್ಲೆಯಮ್ಮ ಚಪ್ಪಲಿ ಮೆಟ್ಟುತ್ತಿದ್ದಾಗ ಗಂಡ ಬಾಗಿಲಿಗೆ ಅಡ್ಡ ನಿಂತ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ನಿವೃತ್ತಿಯಾದ ಮೇಲೆ ಟಿಕೆಟ್ ಹರಿದ ಕೈ ಸುಮ್ಮನೆ ಕೂರಲಾರದೆ ಹೆಣಿಗೆ ಕಲಿತಿತ್ತು. ಮೊದಲು ಕುರ್ಚಿಯ ಕಾಲಿಗೆ ಟೋಪಿ ಹೆಣೆದ, ಆಮೇಲೆ ನೀರಿನ ಬಾಟಲಿಗೆ ಅಂಗಿ. ಇವತ್ತು ಅವನ ಕೈಯಲ್ಲಿ ಹಸಿರು ಸ್ವೆಟರೊಂದಿತ್ತು.

"ಹೋಲ್ಡಾನ್! ಇದನ್ನ ಹಾಕ್ಕೊಂಡೇ ಇಳೀಬೇಕು."

"ಯಾವಾಗ ಹೆಣೆದ್ರಿ?"

"ನೀನು ಊರ ಉಚ್ಚೆ ಸೋಸ್ತಿರುವಾಗ. ಮೂರು ತಿಂಗಳು. ಆ ನಿನ್ನ ಥಂಡಿ ಕೋಣೇಲಿ ನಡುಗ್ತಾ ಕೂತ್ರೆ ಪರೀಕ್ಷೆ ಹೆಂಗೆ ಪಾಸಾಗ್ತೀಯ?"

ಹಾಕಿಕೊಂಡಳು. ಮೈಗೆ ಸರಿಯಾಗಿತ್ತು. ತೋಳುಗಳು ಮಾತ್ರ ಬೆರಳ ತುದಿ ದಾಟಿ ನಾಲ್ಕಂಗುಲ ಮುಂದೆ ಹೋಗಿದ್ದವು.

"ತೋಳು ಯಾರದ್ರೀ ಇದು?"

"ಕಂಬಿ ಹಿಡಿದು ನಿಂತವರನ್ನೇ ಮೂವತ್ತು ವರ್ಷ ನೋಡಿದ್ದು ಕಣೇ. ನನ್ನ ಕಣ್ಣಿಗೆ ಎಲ್ಲರ ತೋಳೂ ಅಷ್ಟುದ್ದ," ಎಂದ ಅವನು, ನಾಚಿಕೆಯಿಂದ. "ಮಡಚ್ಕೋ. ಶುದ್ಧ ಉಣ್ಣೆ. ಅಂಗಡಿಯವನು ಆಣೆ ಇಟ್ಟು ಹೇಳಿದ್ದಾನೆ."

ಆ ಕೋಣೆಗೆ ಉಣ್ಣೆ ತರುವ ಹಾಗಿಲ್ಲ ಎಂದು ಬಾಯಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ದೊಡ್ಡ ಯಂತ್ರದ ಮೂಗು ಬಲು ಚುರುಕು. ಕಣ್ಣಿಗೆ ಕಾಣದ ಎಳೆ ಬಿದ್ದರೂ ಕುರಿಯ ಪ್ರೋಟೀನು ಎಂದು ಹಿಡಿದುಹಾಕುತ್ತದೆ. ಕೋಣೆಯ ಬಾಗಿಲಿಗೆ ಹಲಗೆ ಬರೆದು ತೂಗುಹಾಕಿದವಳೂ ಅವಳೇ: "ಉಣ್ಣೆ ಬಟ್ಟೆ ಹೊರಗೇ ಬಿಡಿ. ನಿಮ್ಮ ಕುರಿಗೆ ಇಲ್ಲಿ ಕೆಲಸವಿಲ್ಲ." ಆದರೆ ಮೂರು ತಿಂಗಳ ಹೆಣಿಗೆ ಹಿಡಿದು ನಿಂತ ಗಂಡನಿಗೆ ಬೆಳ್ಳಂಬೆಳಿಗ್ಗೆ ಹಲಗೆ ಓದಿ ಹೇಳುವುದು ಹೇಗೆ? ದಾರಿಯಲ್ಲಿ ಬೆಚ್ಚಗಿರಲಿ, ಅಲ್ಲಿ ಬಟ್ಟೆ ಬದಲಿಸುವ ಕೋಣೆಯಲ್ಲಿ ತೆಗೆದಿಟ್ಟರಾಯಿತು ಎಂದುಕೊಂಡಳು.

"ರೈಟ್, ರೈಟ್!" ಎಂದು ಗಂಡ ಬೆನ್ನ ಹಿಂದೆ ಕೂಗಿದ.

ಬಸ್ಸು ತಡವಾಯಿತು. ಅವಳು ಓಡೋಡಿ ಬರುವಷ್ಟರಲ್ಲಿ ಸಮಿತಿಯ ನಾಲ್ವರೂ ಗಂಡಸರು ಬಟ್ಟೆ ಬದಲಿಸುವ ಕೋಣೆಯಲ್ಲೇ ನಿಂತು ಬಿಳಿ ಕೋಟಿಗೆ ತೋಳು ತೂರಿಸುತ್ತಿದ್ದರು. ಅಧ್ಯಕ್ಷರು ಕೈಗಡಿಯಾರ ನೋಡಿ, ಅವಳನ್ನು ನೋಡಿ, ಮತ್ತೆ ಗಡಿಯಾರ ನೋಡಿದರು. ಅವರ ಮುಂದೆ ತಲೆಯ ಮೇಲಿಂದ ಸ್ವೆಟರ್ ಎಳೆದು ಕೂದಲು ಕೆದರಿಕೊಂಡು ನಿಲ್ಲುವುದು ಅವಳಿಂದ ಆಗಲಿಲ್ಲ. ಗೂಟದಿಂದ ಕೋಟು ತೆಗೆದು ಮೇಲೆಯೇ ತೊಟ್ಟು, ಕತ್ತಿನವರೆಗೆ ಗುಂಡಿ ಹಾಕಿ, ತೋಳನ್ನು ಎರಡು ಮಡಿಕೆ ಮಾಡಿ ಒಳಗೆ ತುರುಕಿ, ಮೇಲೆ ಕೈಗವಸು ಏರಿಸಿದಳು. ಒಂದು ದಿನಕ್ಕೆ ಏನಾಗುತ್ತೆ ಎಂದು ತನಗೆ ತಾನೇ ಹೇಳಿಕೊಂಡಳು. ಈ ಮಾತನ್ನು ಬೇರೆಯವರು ಹೇಳಿದ್ದರೆ ಅವರನ್ನು ಅಂಗಳದವರೆಗೆ ಅಟ್ಟಿ ಬರುತ್ತಿದ್ದಳು.

ಕೆಲಸಕ್ಕೆ ಕೂತ ಮೇಲೆ ಎಲ್ಲ ಮರೆತುಹೋಯಿತು. ಚಿಮುಟದಿಂದ ಆರು ಬಿಲ್ಲೆಗಳನ್ನು ಆರು ಟ್ಯೂಬುಗಳಿಗೆ ಇಳಿಸಿದಳು. ಆಮೇಲೆ, ಯಾರೂ ಕೇಳದಿದ್ದರೂ, ಹೊಸ ಬಿಲ್ಲೆಗಳ ಡಬ್ಬಿಯೊಂದನ್ನು ತಂದಳು.

"ಅದೇನು?" ಎಂದರು ಅಧ್ಯಕ್ಷರು. ಡಬ್ಬಿಯನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಅದರ ಸೀಲನ್ನು ತಾವೇ ಒಡೆದು ಹಿಂದಕ್ಕೆ ಕೊಟ್ಟರು.

"ಖಾಲಿ ಬಿಲ್ಲೆ ಸಾರ್. ಇದರ ಮೇಲೆ ಯಾರದೂ ಏನೂ ಇಲ್ಲ. ಆದ್ರೂ ಮಿಕ್ಕಿದ್ದಕ್ಕೆ ಏನೇನು ಮಾಡ್ತೀನೋ ಇದಕ್ಕೂ ಅದನ್ನೇ ಮಾಡ್ತೀನಿ. ಪಾತ್ರೆ ತೊಳೆದಿದ್ದು ಸರಿಯಾಗಿದೆಯಾ ಅಂತ ಬರೀ ನೀರು ಕಾಯಿಸಿ ರುಚಿ ನೋಡ್ತೀವಲ್ಲ, ಹಂಗೆ."

"ನಾನು ಹೇಳಿದ್ದು ಆರು. ಏಳನೇದಕ್ಕೆ ಯಂತ್ರದ ಹೊತ್ತು ದಂಡ."

"ಅಭ್ಯಾಸ ಸಾರ್."

"ಅಭ್ಯಾಸ ನಿಮ್ಮ ಹತ್ರನೇ ಇರಲಿ. ಯಂತ್ರಕ್ಕೆ ಆರು ಕಳಿಸಿ, ಸಾಕು."

ಏಳಕ್ಕೂ ಅಸಿಟೋನು ಹಾಕಿ, ಬೆಚ್ಚಗಿಟ್ಟು, ಅಲುಗಿಸಿದಳು. ಬಿಲ್ಲೆಗಳ ಅಂಚು ಮೊದಲು ಮೆತ್ತಗಾಗಿ, ಆಮೇಲೆ ಇಡೀ ಬಿಲ್ಲೆ ಕರಗಿತು. ಸಮಿತಿಯ ಸದಸ್ಯರೊಬ್ಬರು, "ಅರೆರೆ!" ಎಂದು ಬಗ್ಗಿ ನೋಡಿದರು. ನಡುವೆ ಒಮ್ಮೆ ಬಲತೋಳಿನ ಮಡಿಕೆ ಬಿಚ್ಚಿಕೊಂಡು ಹಸಿರು ಅಂಚು ಹೊರಗೆ ಇಣುಕಿತು. ಅವಳು ಮೊಣಕೈಯಿಂದ ಅದನ್ನು ಒಳಗೆ ತಳ್ಳಿಕೊಂಡಳು. ಸಂಜೆಗೆ ಆರು ಟ್ಯೂಬುಗಳು ಯಂತ್ರಕ್ಕೆ ಹೋದವು, ಏಳನೆಯದು ಅವಳ ಫ್ರಿಜ್ಜಿಗೆ.

*

ಗುರುವಾರ ಪಟ್ಟಿ ಬಂತು. ಎಲ್ಲರೂ ಉದ್ದ ಮೇಜಿನ ಸುತ್ತ ಕೂತರು. ಬಿಲ್ಲೆಯಮ್ಮ ಗೋಡೆಗೆ ಆತುಕೊಂಡ ಸ್ಟೂಲಿನ ಮೇಲೆ. ಓದುವವರು ಯಂತ್ರದ ಮೇಷ್ಟ್ರು. ಯಂತ್ರ ನೋಡಿಕೊಳ್ಳುವ ಈ ಮನುಷ್ಯ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಈಗಲೂ ಪ್ರತಿ ವಾಕ್ಯವನ್ನೂ ಬರೆದುಕೊಳ್ಳಿ ಎನ್ನುವ ಧಾಟಿಯಲ್ಲೇ ಹೇಳುತ್ತಿದ್ದರು.

"ಫ್ರೀಜರಿನ ಪಟ್ಟಿ, ಬಿಲ್ಲೆಯ ಪಟ್ಟಿ. ಆರೂ ಜೋಡಿ ಹೊಂದಿಕೊಳ್ತವೆ. ಹೆಚ್ಚುಕಮ್ಮಿ ಇದೆ, ಆದರೆ ಹೊಂದಿಕೊಳ್ತವೆ."

ಸಣ್ಣ ಡಾಕ್ಟರು ಮೇಜಿನ ಕೆಳಗೆ ಕಾಲು ಕುಣಿಸಿದ್ದು ಬಿಲ್ಲೆಯಮ್ಮನಿಗೆ ಕಂಡಿತು.

"ಒಂದು ವಿಷಯ ಬಿಟ್ಟು," ಎಂದರು ಮೇಷ್ಟ್ರು.

"ಏನು?"

"ಕುರಿ."

"ಏನಂದ್ರಿ?" ಎಂದರು ಅಧ್ಯಕ್ಷರು.

"ಕುರಿ ಸಾರ್. ಬಿಲ್ಲೆಯ ಆರೂ ಟ್ಯೂಬಲ್ಲಿ ಕುರಿಯ ಉಣ್ಣೆ ಪ್ರೋಟೀನ್ ಇದೆ. ಫ್ರೀಜರಿನದರಲ್ಲಿ ಇಲ್ಲ. ಈ ಆರು ಜನರಲ್ಲಿ ಯಾರೂ ಕುರಿಯಲ್ಲ ಅಂತ ನಾನು ಅಂದ್ಕೊಂಡಿದ್ದೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಿಲ್ಲೆಯಮ್ಮನ ಕೈ ಅವಳಿಗೆ ಗೊತ್ತಿಲ್ಲದೆಯೇ ತನ್ನ ತೋಳಿಗೆ ಹೋಯಿತು. ಅಲ್ಲಿ ಇವತ್ತು ಬರೀ ಹತ್ತಿಯ ಬಟ್ಟೆಯಿತ್ತು.

ಸದಸ್ಯರು ನಕ್ಕರು. ಅಧ್ಯಕ್ಷರು ನಗಲಿಲ್ಲ. "ನಾನು ಹೇಳಿದ್ದೂ ಇದನ್ನೇ. ಆರು ವರ್ಷ ಬೀರುವಲ್ಲಿಟ್ಟಿದ್ದೀರಿ. ಚೀಲ ಎಲ್ಲೋ ಸಡಿಲ ಆಗಿದೆ, ಧೂಳು ಹೊಕ್ಕಿದೆ. ಪಕ್ಕದಲ್ಲಿ ಯಾರು ಯಾವ ಕಂಬಳಿ ಕೊಡವಿದ್ರೋ! ಇವತ್ತು ಕುರಿ ಸಿಕ್ಕಿದೆ, ನಾಳೆ ಇನ್ನೇನು ಸಿಗುತ್ತೋ. ಇಂಥ ಬಿಲ್ಲೆ ನಂಬಿ ರೋಗದ ಸುಳಿವು ಹುಡುಕಕ್ಕಾಗುತ್ತಾ?"

"ಚೀಲಗಳು ಗಟ್ಟಿಯಾಗೇ ಇದ್ವು ಸಾರ್," ಎಂದಳು ಸಣ್ಣ ಡಾಕ್ಟರು. ದನಿ ಸಣ್ಣದಾಗಿತ್ತು.

"ಹಾಗಾದ್ರೆ ಕುರಿ ಎಲ್ಲಿಂದ ಬಂತು? ಹೇಳಿ."

ಹೇಳಬೇಕಾದವಳು ಗೋಡೆಗೆ ಆತುಕೊಂಡು ಕೂತಿದ್ದಳು. ಹಲಗೆ ಬರೆದವಳೇ ಹಲಗೆ ಮೀರಿದಳು ಎಂದರೆ ಇವತ್ತೇ ಕೋಣೆಯ ಬೀಗದ ಕೈ ಇಸಿದುಕೊಳ್ಳುತ್ತಾರೆ. ಐವತ್ತಾರನೇ ವಯಸ್ಸಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಅದಕ್ಕಿಂತ ದೊಡ್ಡದು ಅವಮಾನ. ಆರು ವರ್ಷ ಹೊಸಬರಿಗೆಲ್ಲ, ನಿಮ್ಮ ಕೈ ನಿಮ್ಮ ಶತ್ರು ಎಂದು ಪಾಠ ಹೇಳಿದವಳು ಅವಳು.

ಅಧ್ಯಕ್ಷರು ಗಡಿಯಾರ ನೋಡಿ, "ಟೀ ಕುಡಿದು ಬಂದು ತೀರ್ಮಾನ ಬರೆಯೋಣ," ಎಂದರು.

*

ಬಿಲ್ಲೆಯಮ್ಮ ಟೀ ಮುಟ್ಟದೆ ಮೊಗಸಾಲೆಗೆ ಬಂದು ಕಿಟಕಿಯ ಹತ್ತಿರ ನಿಂತಳು. ಅದೇ ಮೊಗಸಾಲೆಯಲ್ಲಿ ಹಾದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗಕ್ಕೆ ಹೋಗಬೇಕು. ಎದುರಿಗೆ ಬಂದವನು ಬೀಗದವನು. ಅವಳದೇ ಬೀದಿಯ ಮೂಲೆಯಲ್ಲಿ ಬೀಗ ರಿಪೇರಿ ಮಾಡುವವನು. ಮೊದಲ ವರ್ಷದಿಂದ ತಪ್ಪದೆ ಬಾಟಲಿ ಕೊಟ್ಟವನು. ಕೊಡುತ್ತ ಕೊಡುತ್ತಲೇ ನಾಲ್ಕನೇ ವರ್ಷ ಅವನ ಮೂತ್ರಪಿಂಡ ಕೈಕೊಟ್ಟಿತ್ತು. ಈಗ ವಾರಕ್ಕೆ ಮೂರು ಸಲ ಯಂತ್ರದ ಪಕ್ಕ ಮಲಗಿ ರಕ್ತ ಶುದ್ಧಿ ಮಾಡಿಸಿಕೊಂಡು ಹೋಗುತ್ತಿದ್ದ.

"ಏನಕ್ಕಾ, ಮುಖ ತುಕ್ಕು ಹಿಡಿದ ಬೀಗದ ಥರ ಇದೆ? ಎಣ್ಣೆ ಬಿಡ್ಲಾ?"

"ಸುಮ್ನಿರೋ ಮಾರಾಯ."

"ನನ್ನ ಬಿಲ್ಲೆಗಳು ಕ್ಷೇಮ ತಾನೆ? ಮೂರೂ ಇವೆ ತಾನೆ, ಕಾಯಿಲೆಗೆ ಮುಂಚಿನವು?"

"ಇವೆ." ಶನಿವಾರದವರೆಗೆ, ಎಂದು ಅವಳು ಹೇಳಲಿಲ್ಲ.

"ಭದ್ರ ಕಣಕ್ಕಾ. ಕಳೆದುಹೋದ್ರೆ ಇನ್ನೊಂದು ಕೊಡು ಅಂತ ಬರಬೇಡ." ಅವನು ನಗುತ್ತಲೇ ಹೊಟ್ಟೆ ತಟ್ಟಿಕೊಂಡ. "ನಲ್ಲಿ ಒಣಗಿಹೋಗಿದೆ. ಇಡೀ ದಿನಕ್ಕೆ ಒಂದು ಮುಚ್ಚಳ ಬಂದ್ರೆ ಮನೇಲಿ ಸಂಭ್ರಮ. ಈಗ ನೀನು ಕಾಲಿಗೆ ಬಿದ್ರೂ ಹಳೇ ಉಚ್ಚೆ ನನ್ನಿಂದ ಆಗಲ್ಲ. ನನ್ನ ಮಗಳಿಗೂ ನಂದೇ ಮೈ ಬಂದಿದೆ ಅಂತ ಡಾಕ್ಟ್ರು ಹೇಳ್ತಾರೆ. ಅವಳ ಪಾಲಿಗಾದ್ರೂ ಆ ಮೂರು ಬಿಲ್ಲೆ ಬಾಯಿ ಬಿಡಲಿ."

"ಮಗಳು ಹೇಗಿದ್ದಾಳೆ?"

"ನನಗಿಂತ ಚೆನ್ನಾಗಿ ಬೀಗ ತೆಗೀತಾಳೆ. ಪೊಲೀಸರಿಗೆ ಹೇಳ್ಬೇಡ." ಹೀಗೆಂದು ಅವನು ಕುಂಟುತ್ತ ಮುಂದೆ ಹೋದ.

ಬಿಲ್ಲೆಯಮ್ಮ ಅವನ ಬೆನ್ನು ಮರೆಯಾಗುವವರೆಗೂ ನಿಂತಿದ್ದಳು. ಆಮೇಲೆ ತಿರುಗಿ, ಬಾಗಿಲು ಬಡಿಯುವುದನ್ನೂ ಮರೆತು, ನೇರ ಒಳಗೆ ಹೋದಳು. ಅಧ್ಯಕ್ಷರು ಬಿಸ್ಕತ್ತನ್ನು ಟೀಯಲ್ಲಿ ಅದ್ದಿದ್ದರು.

"ಕುರಿ ನಂದು ಸಾರ್."

ಬಿಸ್ಕತ್ತು ಮುರಿದು ಟೀಯಲ್ಲಿ ಬಿತ್ತು.

"ಏನು?"

"ಬೀರುವಿಂದಲ್ಲ. ನನ್ನ ಮೈಮೇಲಿತ್ತು. ಪರೀಕ್ಷೆ ದಿನ ಕೋಟಿನ ಒಳಗೆ ಉಣ್ಣೆ ಸ್ವೆಟರ್ ಹಾಕಿದ್ದೆ. ನಮ್ಮ ಯಜಮಾನರು ಹೆಣೆದಿದ್ದು. ತೋಳು ಉದ್ದ. ಕೆಲಸದ ನಡುವೆ ಒಂದ್ಸಲ ಹೊರಗೆ ಬಂತು, ಒಳಗೆ ತಳ್ಕೊಂಡೆ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಬಾಗಿಲಲ್ಲಿ ಒಂದು ಹಲಗೆ ಓದಿದೆ. ಕುರಿಗೆ ಕೆಲಸವಿಲ್ಲ ಅಂತ. ಬರೆದವರು ಯಾರು?"

"ನಾನೇ ಸಾರ್. ಬೇಲಿನೇ ಎದ್ದು ಹೊಲ ಮೇಯ್ತು."

ಯಂತ್ರದ ಮೇಷ್ಟ್ರು ನಗು ತಡೆಯಲು ಕೆಮ್ಮಿದರು. ಸಣ್ಣ ಡಾಕ್ಟರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ನೋಡಿಯಮ್ಮ," ಎಂದರು ಅಧ್ಯಕ್ಷರು. "ಬೀರು ಉಳಿಸಿಕೊಳ್ಳೋದಕ್ಕೆ ನೀವು ಈ ತಪ್ಪು ತಲೆ ಮೇಲೆ ಹೊತ್ಕೊಳ್ತಿಲ್ಲ ಅಂತ ನಾನು ಹೇಗೆ ನಂಬಲಿ?"

"ನನ್ನ ನಂಬಬೇಡಿ ಸಾರ್. ಏಳನೇ ಟ್ಯೂಬು ಫ್ರಿಜ್ಜಲ್ಲಿದೆ."

"ಏಳನೇದು..."

"ಖಾಲಿ ಬಿಲ್ಲೆ. ಆ ಡಬ್ಬಿ ಸೀಲ್ ಒಡೆದಿದ್ದು ನೀವೇ. ಅದು ನನ್ನ ಬೀರುವಿನ ಮುಖ ನೋಡಿಲ್ಲ. ಅದರಲ್ಲೂ ಕುರಿ ಇದ್ರೆ, ಕುರಿ ಬಂದಿದ್ದು ಪರೀಕ್ಷೆ ದಿನ, ನನ್ನ ತೋಳಿಂದ. ಇಲ್ಲ ಅಂದ್ರೆ ನೀವು ಹೇಳಿದ್ದೇ ಸರಿ; ಬೀರು ನಾನೇ ಖಾಲಿ ಮಾಡಿ ಕೊಡ್ತೀನಿ."

ಅಧ್ಯಕ್ಷರು ಬಿಸ್ಕತ್ತು ಮುಳುಗಿದ ಟೀಯನ್ನು ಪಕ್ಕಕ್ಕೆ ಸರಿಸಿದರು. "ನಾಳೆ ಹತ್ತು ಗಂಟೆಗೆ," ಎಂದರು. "ಅಲ್ಲಿವರೆಗೆ ಆ ಫ್ರಿಜ್ಜಿನ ಬೀಗದ ಕೈ ಮೇಷ್ಟ್ರ ಹತ್ತಿರ ಇರಲಿ."

*

ಸಂಜೆ ಅವಳು ಎಲ್ಲವನ್ನೂ ಗಂಡನಿಗೆ ಹೇಳಿದಳು. ಅವನು ಹೆಣಿಗೆ ಕಡ್ಡಿಗಳನ್ನು ಕೆಳಗಿಟ್ಟ. ಅವನ ಮುಖ ಕೊನೆಯ ಬಸ್ಸು ತಪ್ಪಿಸಿಕೊಂಡವನ ಮುಖದಂತಾಯಿತು.

"ಬೆಳಿಗ್ಗೆನೇ ಬೇಡ ಅಂದಿದ್ರೆ ನಾನೇನು ಅಳ್ತಿದ್ನಾ?"

"ಅಳ್ತಿದ್ರಿ."

"ಸ್ವಲ್ಪ ಅಳ್ತಿದ್ದೆ," ಎಂದು ಅವನು ಒಪ್ಪಿಕೊಂಡ. "ಸರಿ, ಈಗ ನಾನು ಏನು ಅಂತ ಬೇಡ್ಕೋಬೇಕು? ಆ ಖಾಲಿ ಬಿಲ್ಲೇಲಿ ಕುರಿ ಇರಲಿ ಅಂತಾನೋ, ಬೇಡ ಅಂತಾನೋ?"

"ಇರಲಿ ಅಂತ."

"ಇದ್ರೆ ತಪ್ಪು ನಿಂದು ಅಂತ ಆಗುತ್ತಲ್ಲೇ."

"ಆಗಲಿ."

ತನ್ನ ತಪ್ಪು ಸಾಬೀತಾಗಲಿ ಎಂದು ಹಾರೈಸುವ ಹೆಂಡತಿಯನ್ನು ಆ ಮನುಷ್ಯ ಅಷ್ಟು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ನೋಡುತ್ತಿದ್ದ. ಆ ದಿನಾಂಕವನ್ನು ಎಲ್ಲಾದರೂ ಬರೆದಿಟ್ಟುಕೊಳ್ಳುವ ಆಸೆಯಾದರೂ ಸುಮ್ಮನಿದ್ದ. ಆಮೇಲೆ ಇದ್ದಕ್ಕಿದ್ದಂತೆ ಅವನ ಹುಬ್ಬು ಗಂಟಾಯಿತು.

"ಅಲ್ವೇ... ಆ ಅಂಗಡಿಯವನು ಶುದ್ಧ ಉಣ್ಣೆ ಅಂದಿದ್ದೇನೋ ನಿಜ. ಆದ್ರೆ ಅವನು ಹೋದ ಸಲ ಶುದ್ಧ ತೊಗಲು ಅಂತ ಕೊಟ್ಟ ಬೆಲ್ಟು ಬಿಸಿಲಿಗೆ ಕರಗ್ತು."

ಇಬ್ಬರೂ ಮುಖ ಮುಖ ನೋಡಿಕೊಂಡರು. ದಾರ ಪ್ಲಾಸ್ಟಿಕ್ಕಿನದಾದರೆ ಅದರಿಂದ ಕುರಿ ಉದುರುವುದಿಲ್ಲ. ಉದುರದಿದ್ದರೆ ಆರು ಟ್ಯೂಬಿನ ಕುರಿ ಬೇರೆ ಎಲ್ಲಿಂದಲೋ ಬಂದಿದೆ. ಬೀರುವಿನಿಂದಲೇ ಬಂದಿರಬಹುದು.

"ಸುಟ್ಟು ನೋಡೋಣ," ಎಂದಳು.

"ಸ್ವೆಟರ್ನಾ?"

"ದಾರಾನ್ರೀ! ಉಳಿದಿಲ್ವಾ?"

ಅವನು ಮಂಚದ ಕೆಳಗೆ ತೂರಿ, ಧೂಳಿನ ಜೊತೆ ಒಂದು ಹಸಿರು ಉಂಡೆ ಎಳೆದು ತಂದ. ಅಡುಗೆಮನೆಯಲ್ಲಿ ಒಲೆ ಹಚ್ಚಿ, ಗೇಣುದ್ದದ ಎಳೆಯನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿದಳು. ಪ್ಲಾಸ್ಟಿಕ್ಕಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ನಾತ ಬಂದು, ಮುಟ್ಟಿದರೆ ಪುಡಿಯಾಗುತ್ತದೆ. ಎಳೆ ಸುರುಟಿಕೊಂಡಿತು, ಬುಸುಗುಟ್ಟಿತು. ಇಬ್ಬರೂ ಮೂಗು ಮುಂದೆ ಚಾಚಿದರು.

"ನಾರ್ತಿದೆಯಾ?" ಎಂದ ಗಂಡ.

"ನಾರ್ತಿದೆ."

"ಚೆನ್ನಾಗಿ ನಾರ್ತಿದೆಯಾ?"

"ಕ್ಷೌರದಂಗಡಿಗೆ ಬೆಂಕಿ ಬಿದ್ದ ಹಾಗೆ!"

ಅವಳು ಕರಿ ತುದಿಯನ್ನು ಬೆರಳಲ್ಲಿ ಒತ್ತಿದಳು. ಪುಡಿಪುಡಿಯಾಯಿತು. ಗಂಡ ಎರಡೂ ಕೈ ಮೇಲೆತ್ತಿ, "ಅಂಗಡಿಯವನು ಸತ್ಯವಂತ!" ಎಂದು ಕೂಗಿದ. ಪಕ್ಕದ ಮನೆಯವಳು ಕಿಟಕಿಯಿಂದ, "ಏನ್ರೀ ಅದು, ಯಾರ ತಲೆ ಸುಟ್ಟಿದ್ದು?" ಎಂದು ಕೇಳಿದಳು.

*

ಶುಕ್ರವಾರ ಯಂತ್ರದ ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ. ಮೇಷ್ಟ್ರು ಬೆಳಿಗ್ಗೆ ಬೇಗನೆ ಬಂದು ಏಳನೇ ಟ್ಯೂಬನ್ನು ಯಂತ್ರಕ್ಕೆ ಉಣಿಸಿದ್ದರು. ಪರದೆಯ ಮೇಲೆ ಗೆರೆಗಳು ಎದ್ದು ಬಿದ್ದು ಓಡುತ್ತಿದ್ದವು. ಬಿಲ್ಲೆಯಮ್ಮನಿಗೆ ಅದರಲ್ಲಿ ಏನೂ ಅರ್ಥವಾಗುತ್ತಿರಲಿಲ್ಲ. ಮೇಷ್ಟ್ರ ಕಿವಿಯನ್ನೇ ನೋಡುತ್ತ ನಿಂತಿದ್ದಳು. ಸಂತೋಷವಾದರೆ ಅವರ ಕಿವಿ ಕೆಂಪಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಸಣ್ಣ ಡಾಕ್ಟರು ಅವಳ ಕೈ ಹಿಡಿದುಕೊಂಡು ಕಿವಿಯಲ್ಲಿ ಹೇಳಿದಳು, "ಕೆಲಸ ಹೋದ್ರೆ ಏನ್ಮಾಡ್ತೀರಿ?"

"ಹೆಣಿಗೆ ಕಲೀತೀನಮ್ಮ. ಮನೇಲೇ ಮೇಷ್ಟ್ರಿದ್ದಾರೆ. ತೋಳಿನ ಅಳತೆ ಮಾತ್ರ ನಾನು ತಗೋತೀನಿ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಬಂತು. ಮೊದಲನೆಯದಾಗಿ, ಮನುಷ್ಯನ ಮೂತ್ರದ ಪ್ರೋಟೀನು: ಇಲ್ಲ. ಖಾಲಿ ಬಿಲ್ಲೆ ಖಾಲಿಯಾಗೇ ಇದೆ. ಎರಡನೆಯದಾಗಿ, ಮನುಷ್ಯನ ಚರ್ಮದ ಧೂಳು: ಚೂರು ಇದೆ, ಅದು ಎಲ್ಲ ಕಡೆ ಇರುತ್ತೆ. ಮೂರನೆಯದಾಗಿ..."

"ಮೂರನೆಯದನ್ನ ಹೇಳ್ರೀ!" ಎಂದು ಗದರಿದವರು ಅಧ್ಯಕ್ಷರು. ಅವರ ಹಣೆಯಲ್ಲಿ ಬೆವರಿತ್ತು.

ಮೇಷ್ಟ್ರ ಕಿವಿ ಕೆಂಪಾಯಿತು. "ಕುರಿ ಇದೆ. ಆ ಆರರಲ್ಲಿ ಕಂಡಿದ್ದೇ ಇಲ್ಲೂ ಇದೆ."

ಆಮೇಲೆ ಯಾರು ಯಾರನ್ನು ತಬ್ಬಿಕೊಂಡರು ಎಂದು ಹೇಳುವುದು ಕಷ್ಟ. ಸಣ್ಣ ಡಾಕ್ಟರು ಬಿಲ್ಲೆಯಮ್ಮನನ್ನು ತಬ್ಬಿದ್ದು ಖಚಿತ. ಸಮಿತಿಯ ಸದಸ್ಯರೊಬ್ಬರು ಆವೇಶದಲ್ಲಿ ಮೇಷ್ಟ್ರ ಬೆನ್ನು ಗುದ್ದಿದರು, "ಯಂತ್ರ, ಯಂತ್ರ!" ಎಂದು ಮೇಷ್ಟ್ರು ಕಿರುಚಿದರು.

ಗದ್ದಲ ಇಳಿದ ಮೇಲೆ ಅಧ್ಯಕ್ಷರು ನಿಂತುಕೊಂಡೇ ತೀರ್ಮಾನ ಹೇಳಿದರು. ಬಿಲ್ಲೆಗಳು ಆರು ವರ್ಷ ಕೆಡದೆ ಉಳಿದಿವೆ. ಬೀರು ಇದ್ದಲ್ಲೇ ಇರಲಿ, ಕೋಣೆಯೂ ಇರಲಿ. ಇನ್ನು ಮುಂದೆ ಯಾವ ಪರೀಕ್ಷೆಯಾದರೂ ಖಾಲಿ ಬಿಲ್ಲೆಯೂ ಯಂತ್ರಕ್ಕೆ ಹೋಗಲೇಬೇಕು. "ಅದನ್ನ ಬೇಡ ಅಂದಿದ್ದು ನನ್ನ ತಪ್ಪು," ಎಂದರು, ನೆಲ ನೋಡುತ್ತ. ಇನ್ನು ಹಲಗೆ ಮೀರಿದ್ದಕ್ಕೆ ಮೂರು ತಿಂಗಳು ಬಿಲ್ಲೆಯಮ್ಮ ಸೋಸುವ ಮೇಜು ಮುಟ್ಟಬಾರದು. ಬದಲಿಗೆ ಹೊಸಬರಿಬ್ಬರಿಗೆ ಪಕ್ಕದಲ್ಲಿ ನಿಂತು ಕೆಲಸ ಕಲಿಸಬೇಕು.

ಬಿಲ್ಲೆಯಮ್ಮ ಅದಕ್ಕಿಂತ ದೊಡ್ಡದಕ್ಕೆ ಬೆನ್ನೊಡ್ಡಿ ನಿಂತಿದ್ದಳು. ಮೂರು ತಿಂಗಳು ಎಂಬುದು ಅವಳ ಕಿವಿಗೆ ರಜೆಯಂತೆ ಕೇಳಿಸಿತು. ಆದರೂ ಮುಖವನ್ನು ಸಪ್ಪಗೆ ಇಟ್ಟುಕೊಂಡಳು, ಶಿಕ್ಷೆ ಕೊಟ್ಟವರಿಗೆ ಬೇಸರವಾಗಬಾರದಲ್ಲ.

ಎಲ್ಲರೂ ಹೋದ ಮೇಲೆ ಅವಳು ತನ್ನ ಕೋಣೆಗೆ ಬಂದು, ಬೀರುವಿನ ಬಾಗಿಲು ತೆರೆದು, ಬೀಗದವನ ಮೂರು ಚೀಲಗಳನ್ನು ಹುಡುಕಿ ಮೇಲಿನ ತಟ್ಟೆಯಲ್ಲಿ ಮುಂದಕ್ಕಿಟ್ಟಳು. ಸೋಮವಾರ ಕೆಲಸ ಅವುಗಳಿಂದಲೇ ಶುರು ಎಂದು ಸಣ್ಣ ಡಾಕ್ಟರು ಅಧ್ಯಕ್ಷರ ಮುಂದೆಯೇ, ಬೀಗದವನ ಕಾಯಿಲೆಯ ಕಥೆ ಸಮೇತ, ಹೇಳಿದ್ದಳು. ಬಾಗಿಲಲ್ಲಿ ನೆರಳಾಡಿತು. ಅಧ್ಯಕ್ಷರು. ಒಬ್ಬರೇ. ಒಳಗೆ ಕಾಲಿಡುವ ಮೊದಲು ಹಲಗೆ ಓದಿ, ತಮ್ಮ ಕತ್ತಿನ ಮಫ್ಲರನ್ನು ಬಿಚ್ಚಿ ಹೊರಗಿನ ಗೂಟಕ್ಕೆ ಹಾಕಿ ಬಂದರು.

"ಈಗ... ಹೊಸಬರನ್ನ ತಗೋತೀರಾ? ಕೊಡೋವರನ್ನ?"

"ತಗೋತೀವಿ ಸಾರ್. ಯಾರು?"

ಅವರು ಗಡಿಯಾರ ನೋಡಿಕೊಂಡರು. "ನನ್ನ ವಯಸ್ಸಿನೋರು. ನನ್ನ ಎತ್ತರದೋರು. ನನ್ನ ತಂದೆಗೂ ಕೊನೆಯಲ್ಲಿ ಆ ಬೀಗದೋರ ಕಾಯಿಲೆನೇ ಇತ್ತು."

ಬಿಲ್ಲೆಯಮ್ಮ ನಗಲಿಲ್ಲ. ಸೋಸಬೇಡ ಎಂದಿದ್ದರೇ ಹೊರತು ಇಸಿದುಕೊಳ್ಳಬೇಡ ಎಂದಿರಲಿಲ್ಲ. ಕಪಾಟಿನಿಂದ ಹೊಸ ಬಾಟಲಿಯೊಂದನ್ನು ತೆಗೆದು, ಪೆನ್ಸಿಲಿನಲ್ಲಿ ನಂಬರು ಬರೆದು ಅವರ ಕೈಗಿಟ್ಟಳು.

"ಎಡಗಡೆ ಬಾಗಿಲು ಸಾರ್. ಮೊದಲು ಸ್ವಲ್ಪ ಹೊರಗೆ ಬಿಡಿ, ನಡುವಿಂದನ್ನ ಹಿಡೀರಿ. ಈ ಗೆರೆ ತನಕ."

ಅವರು ಬಾಟಲಿಯನ್ನು ಕೋಟಿನ ಒಳಗೆ ಅಡಗಿಸಿಕೊಂಡು ಹೋದರು. ಎರಡು ನಿಮಿಷವಾಯಿತು. ಐದಾಯಿತು. ಬಾಗಿಲ ಹಿಂದಿನಿಂದ ಸಣ್ಣ ದನಿ ಬಂತು, "ಬರ್ತಾ ಇಲ್ಲ."

"ಮೊದಲನೇ ಸಲ ಎಲ್ಲರಿಗೂ ಹೀಗೇ ಸಾರ್," ಎಂದಳು ಅವಳು, ಕಿಟಕಿಯ ಕಡೆ ಮುಖ ತಿರುಗಿಸಿ ನಿಂತು. "ನಲ್ಲಿ ತಿರುಗಿಸಿಬಿಡಿ. ನೀರಿನ ಸದ್ದು ಕೇಳ್ತಾ ಇರಿ. ನನಗೇನೂ ಅವಸರ ಇಲ್ಲ."

ಒಳಗೆ ನಲ್ಲಿ ತೆರೆದ ಸದ್ದು ಕೇಳಿಸಿತು.